ಬಾವುಟ ನೆಟ್ಟ ಜಾಗ

ಕೆಂಚಪ್ಪ ನಾಯಕರ ಆಸ್ಥಾನಕ್ಕೆ ಒಂದು ಸಲ ಅಮೆರಿಕದಿಂದ ಒಬ್ಬ ಸಾಹೇಬ ಬಂದ. ಹಾಲಿಸ್ಟರ್ ಅಂತ ಹೆಸರು. ಬಂದಿದ್ದು ಮೆಣಸು ಕೊಳ್ಳೋಕೆ, ಆದ್ರೆ ಬಂದಾಗಿಂದ ಆಡಿದ್ದೆಲ್ಲ ತನ್ನ ದೇಶದ ಮಾತೇ.

ಅಲ್ಲಿ ರಾಜನೇ ಇಲ್ವಂತೆ. ಜನಾನೇ ಸೇರಿ ದೊರೆಯನ್ನ ಆರಿಸ್ತಾರಂತೆ. ಹುಟ್ಟುತ್ತಾ ಎಲ್ಲರೂ ಸಮ, ಚೆನ್ನಾಗಿ ಓಡಿದವನು ಗೆಲ್ತಾನೆ, ಯಾರು ಬೇಕಾದ್ರೂ ದೊರೆ ಆಗಬಹುದು ಅಂದ.

ಮೂಲೇಲಿ ಕೂತಿದ್ದ ವಿರುಪಯ್ಯ ನೆಲ ನೋಡ್ಕೊಂಡೇ ಕೇಳಿದ, ಬಟ್ಟೆ ಒಗೆಯೋರು ಯಾರಾದ್ರೂ ಆಗಿದ್ದಾರಾ ಅಂತ. ಆಗಬಹುದು ಅಂದ ಸಾಹೇಬ. ಹೆಂಗಸರು? ಸಾಹೇಬ ಕೆಮ್ಮಿದ. ಮೆಣಸಿನ ಘಾಟು ಅಂದ. ಮೆಣಸು ಇನ್ನೂ ಉಗ್ರಾಣದಲ್ಲೇ ಇತ್ತು.

ಈ ವಿರುಪಯ್ಯನ ಕೆಲಸ ಏನಪ್ಪಾ ಅಂದ್ರೆ, ಮಧ್ಯಾಹ್ನ ಊಟ ಆದ್ಮೇಲೆ ನಾಯಕರಿಗೆ ನಿದ್ದೆ ಬರೋವರೆಗೂ ಪುರಾಣ ಓದೋದು. ಓದೋದು ಬಹಳ, ಮಾತು ಕಮ್ಮಿ.

ನಾಯಕರಿಗೆ ಸಾಹೇಬನ ಜಂಬ ಸಹಿಸೋಕಾಗಲಿಲ್ಲ. ಸಮಾನತೆ ಅನ್ನೋದು ನಮ್ಮಲ್ಲಿ ಅಜ್ಜನ ಕಾಲದಿಂದ ಇದೆ ಅಂದ್ರು. ವರ್ಷಕ್ಕೊಂದು ಸಲ ಅಂಚೆ ಓಟ ನಡೆಯುತ್ತೆ. ಎಲ್ಲರೂ ಅವರವರ ಮನೆ ಹೊಸ್ತಿಲಲ್ಲಿ ನಿಂತಿರಬೇಕು. ನಗಾರಿ ಬಾರಿಸಿದ ಕೂಡಲೇ ಓಡಬೇಕು. ನೆಟ್ಟಿರೋ ಬಾವುಟಾನ ಮೊದಲು ಕಿತ್ತು ನಾಯಕರ ಮುಂದೆ ತಂದವರಿಗೆ ಅರಮನೆ ಅಂಚೆಯ ಕೆಲಸ, ಮನೆಮಂದಿಗೆಲ್ಲ ವರ್ಷಪೂರ್ತಿ ಅಕ್ಕಿ. ಜಾತಿ ಕೇಳಲ್ಲ, ಕುಲ ಕೇಳಲ್ಲ, ಗಂಡೋ ಹೆಣ್ಣೋ ಅಂತಾನೂ ಕೇಳಲ್ಲ.

ಅದ್ಭುತ ಅಂದ ಸಾಹೇಬ. ನಮ್ಮಲ್ಲೂ ಥೇಟ್ ಹೀಗೇ ಅಂದ.

ವಿರುಪಯ್ಯನಿಗೆ ಹೋದ ವರ್ಷದ ಓಟ ಕಣ್ಮುಂದೆ ಬಂತು. ಬಾವುಟ ನೆಡೋದು ಅರಮನೆ ಅಂಗಳದಲ್ಲಿ. ದಿವಾನರ ಮನೆ ಎದುರುಗಡೇನೇ. ದಿವಾನರ ಮಗ ರುದ್ರಾಜಿ ಎಲೆಅಡಿಕೆ ಅಗೀತಾ ರಸ್ತೆ ದಾಟಿ ಬಂದು ಬಾವುಟ ಕಿತ್ಕೊಂಡ. ಅಂಚೆ ಹೊರೋಕೆ ಆಳು ಇಟ್ಟ, ಅಕ್ಕಿ ಮಾತ್ರ ತಾನೇ ಇಟ್ಕೊಂಡ. ಎಲ್ಲಾ ಮುಗಿದು ಎಷ್ಟೋ ಹೊತ್ತಾದ್ಮೇಲೆ ಕುಂಬಾರಕೇರಿಯ ದ್ಯಾಮವ್ವ ಓಡಿ ಬಂದಳು. ಕೆರೆ ಏರಿ ದಾಟಿ, ಕೋಟೆ ಬಾಗಿಲು ದಾಟಿ, ಬೆವರಿಳಿಸ್ಕೊಂಡು. ಬಾವುಟ ಇದ್ದ ಗುಂಡಿ ಹತ್ರ ಸುಮ್ನೆ ನಿಂತಿದ್ದಳು. ಇಪ್ಪತ್ತು ದಾಟಿದವರನ್ನ ಓಟಕ್ಕೆ ಸೇರಿಸಲ್ಲ. ಅವಳಿಗೆ ಈ ವರ್ಷಾನೇ ಕೊನೆ.

ಅಷ್ಟು ನೆನಪಾಗಿದ್ದಕ್ಕೆ ಅವನ ಬಾಯಿಂದ ಒಂದು ಸಣ್ಣ ಸದ್ದು ಬಂತು. ನಗು ಅಂತ ನಾಯಕರಿಗೆ ಅನ್ನಿಸ್ತು. ಯಾಕಯ್ಯ ಅಂತ ಕೇಳಿದ್ರು. ಕುಂಬಾರಕೇರಿಯವರು ಯಾರೂ ಇಲ್ಲೀವರೆಗೆ ಗೆದ್ದಿಲ್ಲ ಪ್ರಭು ಅಂದ. ಓಡೋಕೆ ಬರಲ್ಲ, ಅದಕ್ಕೆ ಅಂದ್ರು ದಿವಾನರು.

ನಾಯಕರು ಸಾಹೇಬನ ಮುಖ ನೋಡಿದ್ರು, ಆಮೇಲೆ ಸಿಟ್ಟಿಂದ ಅಂದ್ರು, "ಸರಿ. ಈ ಸಲ ಆ ಕೇರಿಯವರನ್ನ ನೀನೇ ಗೆಲ್ಲಿಸು. ನಿಯಮದಲ್ಲಿ ಒಂದಕ್ಷರ ಬದಲಾಯಿಸಬಾರದು. ಆಗಲಿಲ್ಲ ಅಂದ್ರೆ ಇನ್ನು ಮುಂದೆ ಆ ಕೇರಿಯವರು ಯಾರೂ ಓಟಕ್ಕೆ ಬರೋ ಹಾಗಿಲ್ಲ."

ವಿರುಪಯ್ಯ ಕೈಮುಗಿದು, ಹಾಗಾದ್ರೆ ಬಾವುಟ ನೆಡೋ ಕೆಲಸ ನಂಗೆ ಕೊಡಿ ಅಂತ ಕೇಳ್ಕೊಂಡ. ನೆಡು ಹೋಗು, ಓದಿ ಓದಿ ಬೆನ್ನು ಬಗ್ಗಿದೆ, ಗುಂಡಿ ತೋಡಿದ್ರೆ ನೆಟ್ಟಗಾಗುತ್ತೆ ಅಂದ್ರು ನಾಯಕರು. ಆಸ್ಥಾನದಲ್ಲಿ ಎಲ್ಲರೂ ನಕ್ಕರು. ದಿವಾನರು ಸ್ವಲ್ಪ ಜಾಸ್ತಿ ನಕ್ಕರು.

ವಿರುಪಯ್ಯ ಸೀದಾ ಕುಂಬಾರಕೇರಿಗೆ ಹೋಗಿ ದ್ಯಾಮವ್ವನಿಗೆ ನಡೆದಿದ್ದೆಲ್ಲ ಹೇಳಿದ. ಅವಳು ಮಣ್ಣು ಕಲೆಸೋದು ನಿಲ್ಲಿಸಲಿಲ್ಲ.

"ಅಯ್ನೋರೇ, ನಿಮ್ಮ ಬಾಯಿ ಸುಮ್ನಿರ್ತಿರ್ಲಿಲ್ವಾ?"

"ಯಾವಾಗಲೂ ಸುಮ್ನೇ ಇರುತ್ತಮ್ಮ. ಇವತ್ತು ಜಾರ್ತು."

ನಗಾರಿ ಬಾರಿಸೋ ಹೊತ್ತಿಗೆ ನೀನು ಹೊಸ್ತಿಲಲ್ಲಿ ನಿಂತಿದ್ರೆ ಸಾಕು ಅಂತ ಹೇಳಿ ಬಂದ.

ಓಟದ ದಿನ ನಾಯಕರು ಸಾಹೇಬನ ಜೊತೆ ಉಪ್ಪರಿಗೇಲಿ ಕೂತರು. ನಗಾರಿ ಊರಿಗೆಲ್ಲ ಕೇಳಿಸ್ತು. ರುದ್ರಾಜಿ ಶಾಲು ಸರಿ ಮಾಡ್ಕೊಂಡು ಮನೆಯಿಂದ ಹೊರಟ, ರಸ್ತೆ ದಾಟಿದ, ಅಭ್ಯಾಸದ ಹಾಗೆ ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ. ಸುತ್ತ ನೋಡಿದ.

"ಬಾವುಟ ಎಲ್ಲಿ?"

"ಕುಂಬಾರಕೇರೀಲಿ ನೆಟ್ಟಿದ್ದೀನಿ ಬುದ್ಧಿ," ಅಂದ ವಿರುಪಯ್ಯ. "ಬೇಗ ಹೊರಟ್ರೆ ಬಿಸಿಲೇರೋದ್ರೊಳಗೆ ತಲುಪ್ತೀರಿ."

ರುದ್ರಾಜಿ ಹೊರಟ. ಕೋಟೆ ಬಾಗಿಲ ಹತ್ರ ಏದುಸಿರು ಬಿಡ್ತಾ ಕಟ್ಟೆ ಮೇಲೆ ಕೂತ. ಅಷ್ಟರಲ್ಲಿ ದ್ಯಾಮವ್ವ ಬಾವುಟ ಹಿಡ್ಕೊಂಡು ಅವನ ಮುಂದೇನೇ ಓಡಿಹೋದಳು. ಅವಳ ಕೈ ಮಣ್ಣು ಇನ್ನೂ ಒಣಗಿರಲಿಲ್ಲ.

ಬಾವುಟ ನಾಯಕರ ಮುಂದೆ ಬಂತು. ದಿವಾನರು ಎದ್ದು ನಿಂತರು. ಇದು ಶುದ್ಧ ಮೋಸ, ಅವಳು ಹುಟ್ಟಿದ ಮನೆ ಬಾಗಿಲಲ್ಲೇ ತಂದು ನೆಟ್ಟಿದ್ದಾನೆ, ನನ್ನ ಮಗ ಅಷ್ಟು ದೂರದಿಂದ ಓಡಬೇಕು, ಇದ್ಯಾವ ಸೀಮೆ ನ್ಯಾಯ ಅಂತ ಕೂಗಾಡಿದ್ರು.

ನಾಯಕರು ವಿರುಪಯ್ಯನ ಕಡೆ ತಿರುಗಿದ್ರು. "ನಿಯಮ ಮುರಿದಿಲ್ಲ, ಒಪ್ಕೋತೀನಿ. ಆದ್ರೆ ಅವಳು ಹೊಸ್ತಿಲು ದಾಟಿ ಕೈ ಚಾಚಿದ್ಲು, ಬಾವುಟ ಸಿಕ್ತು. ಇದೂ ಒಂದು ಓಟವಾ?"

"ಅಲ್ಲ ಪ್ರಭು," ಅಂದ ವಿರುಪಯ್ಯ. "ಹೋದ ವರ್ಷದ್ದೂ ಅಲ್ಲ."

ದಿವಾನರು ಮೆಲ್ಲಗೆ ಕೂತರು. ನಾಯಕರ ಮೀಸೆ ಮೊದಲು ಅಲುಗಾಡ್ತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕಣ್ಣೊರೆಸ್ಕೊಂಡು, ಅಂಚೆಯವರ ಗೆಜ್ಜೆಕೋಲು ತರಿಸಿ ದ್ಯಾಮವ್ವನ ಕೈಗೆ ಕೊಟ್ಟರು. ಬರೋ ವರ್ಷದಿಂದ ಎಲ್ಲರೂ ಕೆರೆ ಏರಿ ಮೇಲೆ ಒಂದೇ ಗೆರೇಲಿ ನಿಂತು ಓಡಬೇಕು ಅಂತ ಅಪ್ಪಣೆ ಮಾಡಿದ್ರು. ವಿರುಪಯ್ಯನಿಗೆ ಒಂದು ಶಾಲು ಹೊದೆಸಿದ್ರು. ಅದು ರುದ್ರಾಜಿ ದಾರೀಲಿ ಬೀಳಿಸಿಕೊಂಡು ಹೋಗಿದ್ದು.

ಆಮೇಲೆ ನಾಯಕರಿಗೆ ಅತಿಥಿಯ ನೆನಪಾಯ್ತು. "ಅಂದ ಹಾಗೆ ಸಾಹೇಬರೇ, ನಿಮ್ಮ ದೇಶದಲ್ಲಿ ಬಾವುಟ ಎಲ್ಲಿ ನೆಟ್ಟಿದ್ದೀರಿ?"

ಸಾಹೇಬ ಈ ಸಲ ಕೆಮ್ಮಲಿಲ್ಲ.

"ನಮ್ಮ ಮನೆ ಪಕ್ಕದಲ್ಲೇ," ಅಂದ.