ಹೂ ಬಿಡಿಸಿದ ರಾಚೂಟಯ್ಯ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಮೊಗ್ಗೂರು ಅಂತ ಒಂದು ರಾಜ್ಯ. ಅಲ್ಲಿ ಮಾಳವ್ವ ಅಂತ ಒಬ್ಬಳು ಇದ್ದಳು. ಮರದ ಅಚ್ಚು ಕೆತ್ತಿ, ಬಣ್ಣದಲ್ಲಿ ಅದ್ದಿ, ಸೀರೆಗೆ ಒತ್ತೋದು ಅವಳ ಕೆಲಸ.

ಬೆಳಗಾದರೆ ಹಿತ್ತಲಿಗೆ ಹೋಗಿ ಗಿಡದ ಮುಂದೆ ಕೂರೋಳು. "ಏನವ್ವಾ ದಾಸವಾಳ, ಇವತ್ತು ಯಾಕೆ ಮುಖ ಆ ಕಡೆ?" ಅನ್ನೋಳು. ಹೂವನ್ನ ಮುಂದಿನಿಂದ ನೋಡೋಳು, ಪಕ್ಕದಿಂದ ನೋಡೋಳು, ನೆಲಕ್ಕೆ ಕೆನ್ನೆ ಹಚ್ಚಿ ಅಡಿಯಿಂದಲೂ ನೋಡೋಳು. ಒಲೆ ಮೇಲೆ ಅನ್ನ ಸೀದರೂ ಏಳೋಳಲ್ಲ. ಆಮೇಲೆ ಇದ್ದಿಲು ಹಿಡಿದಳೋ, ಅದೇ ಒಂದು ಹೂವು ನೇರವಾಗಿ, ತಲೆಕೆಳಗಾಗಿ, ಎದುರುಬದುರಾಗಿ ಸೀರೆಯ ಅಂಚಿನುದ್ದಕ್ಕೂ ಸಾಲುಗಟ್ಟೋದು.

ಆ ರಾಜ್ಯದಲ್ಲಿ ಒಂದು ಪದ್ಧತಿ. ರಾಜಕುಮಾರಿಯ ಮದುವೆ ಸೀರೆಗೆ ಯಾರ ಅಂಚು ಒಪ್ಪಿಗೆಯಾಗುತ್ತದೋ, ಆ ಅಂಚಿಗೆ ಅವರ ಹೆಸರೇ ಉಳಿಯೋದು. ಮಾಳವ್ವನಿಗೆ ಮಕ್ಕಳುಮರಿ ಇಲ್ಲ. ತನ್ನ ಹೆಸರು ಒಂದು ಸೀರೆ ಮೇಲಾದರೂ ಉಳೀಲಿ ಅಂತ ಅವಳಿಗೆ ಬಲು ಆಸೆ.

ಅರಮನೆಯ ಚಿತ್ರಗಾರ ರಾಚೂಟಯ್ಯ. ಅವನಪ್ಪ ನಿಜವಾದ ಚಿತ್ರಗಾರ. ಮಗನಿಗೆ ಬಂದದ್ದು ಅಪ್ಪನ ಪೇಟ, ಅಪ್ಪನ ಹುದ್ದೆ, ಅಷ್ಟೇ. ಹಸು ಬರೆಯೋಕೆ ಹೋದರೆ ಕುಂಬಳಕಾಯಿ ಆಗೋದು.

ಮಾಳವ್ವ ದಾಸವಾಳದ ಅಂಚು ತಂದಳು. "ಇಟ್ಟು ಹೋಗು, ರಾಣಿಯವರಿಗೆ ತೋರಿಸ್ತೀನಿ" ಅಂದ ರಾಚೂಟಯ್ಯ. ತೋರಿಸಿದ, ತನ್ನದು ಅಂತ. ಮಾಳವ್ವನಿಗೆ "ಒಪ್ಪಿಗೆಯಾಗಲಿಲ್ಲ" ಅಂದ. ಶಂಖಪುಷ್ಪದ ಅಂಚು ತಂದಳು. ಅದೂ ಅವನದಾಯಿತು. ಮೂರನೇ ಸಲ ಕರ್ಣಕುಂಡಲದ ಹೂವಿನ ಅಂಚು ತಂದಳು. ರಾಣಿ "ಮದುವೆ ಸೀರೆಗೆ ಇದೇ!" ಅಂದುಬಿಟ್ಟಳು. "ರಾಚೂಟಯ್ಯನ ಅಂಚು" ಅಂತ ಊರೆಲ್ಲ ಡಂಗುರ ಆಯಿತು.

ಮಾಳವ್ವನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ರಾಣಿಯ ಮುಂದೆ ಹೋಗಿ ನಿಂತಳು. "ತಾಯೀ, ಅದು ನನ್ನ ಅಂಚು."

"ಶುದ್ಧ ಸುಳ್ಳು!" ಅಂತ ರಾಚೂಟಯ್ಯ ಪೇಟ ಸರಿಮಾಡಿಕೊಂಡ.

"ಸಾಕ್ಷಿ ಏನಿದೆ?" ಅಂದಳು ರಾಣಿ.

"ಸಾಕ್ಷಿ ಯಾಕೆ ತಾಯೀ? ನಾಳೆ ಬೆಳಿಗ್ಗೆ ನಿಮ್ಮ ತೋಟದಲ್ಲಿ ಇಬ್ಬರೂ ಹೂ ಬಿಡಿಸ್ತೀವಿ. ಯಾರು ಚೆನ್ನಾಗಿ ಬಿಡಿಸ್ತಾರೋ ನೀವೇ ನೋಡಿ."

ರಾಚೂಟಯ್ಯನಿಗೆ ಹೋದ ಜೀವ ಬಂತು. ಹೂ ಬಿಡಿಸೋದು ತಾನೇ! "ಇವಳ ಹತ್ತರಷ್ಟು ಬಿಡಿಸ್ತೀನಿ ತಾಯೀ!" ಅಂದ. ಮಾಳವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಬೆಳಗಾಯಿತು. ಮಾಳವ್ವ ಒಂದು ಸೇವಂತಿಗೆ ಮುಂದೆ ಬಟ್ಟೆ ಹರಡಿ, ಇದ್ದಿಲು ಹಿಡಿದು ಕೂತಳು. ರಾಚೂಟಯ್ಯ ಬುಟ್ಟಿ ತಂದ. ಒಂದು ಬುಟ್ಟಿ ತುಂಬಿತು, ಎರಡು ಬುಟ್ಟಿ ತುಂಬಿತು, ಮೂರನೇ ಬುಟ್ಟಿಯೂ ತುಂಬಿತು.

"ಅಯ್ಯನವರೇ, ಇಷ್ಟು ಬೇಗ ಬಿಡಿಸಿದ್ರಾ?"

"ನೀನು ಇನ್ನೂ ಒಂದರ ಮುಂದೇ ಕೂತಿದ್ದೀಯಲ್ಲೇ, ಸೋಮಾರಿ!" ಅಂತ ಅವಳ ಮುಂದಿದ್ದ ಸೇವಂತಿಗೆಯನ್ನೂ ಚಿವುಟಿ ಬುಟ್ಟಿಗೆ ಹಾಕಿದ. ಮಾಳವ್ವ ಇದ್ದಿಲು ಕೆಳಗಿಟ್ಟಳು. ಆ ಹೂವು ಆಗಲೇ ಬಟ್ಟೆ ಮೇಲೆ ಅರಳಿತ್ತು.

ರಾಣಿ ಬಂದಳು. ಗಿಡಗಳೆಲ್ಲ ಬೋಳು. "ಅಯ್ಯೋ ನನ್ನ ತೋಟ! ಏನೋ ಮಾಡಿದೆ?"

"ಒಂದೂ ಉಳಿಸದೆ ಬಿಡಿಸಿದ್ದೀನಿ ತಾಯೀ!"

ರಾಣಿ ಬುಟ್ಟಿ ನೋಡಿದಳು, ಮಾಳವ್ವನ ಬಟ್ಟೆ ನೋಡಿದಳು, ಅವನ ಮುಖ ನೋಡಿದಳು. "ಹೂ ಮಾರೋರಿಗೆ ಬಿಡಿಸೋದು ಅಂದ್ರೆ ಕೀಳೋದು, ಸರಿ. ನೀನು ಚಿತ್ರಗಾರ ಅಲ್ಲವೇನಯ್ಯಾ? ಬರೆಯೋದು ಅಂತ ನಿನಗೆ ಹೊಳೀಲೇ ಇಲ್ವಾ?"

ರಾಚೂಟಯ್ಯ ಪೇಟ ತೆಗೆದು ತಲೆ ಕೆರೆದುಕೊಂಡ. ಪೇಟ ಮತ್ತೆ ತಲೆಗೆ ಏರಲಿಲ್ಲ. ಮೂರು ಬುಟ್ಟಿ ಹೂವನ್ನೂ ಅವನೇ ಕೂತು ಕಟ್ಟಬೇಕಾಯಿತು. ಪಾಪ, ಒಂದು ಗಂಟೂ ನಿಲ್ಲಲಿಲ್ಲ.

ಮೊಗ್ಗೂರಿನ ಹೆಂಗಸರು ಇವತ್ತಿಗೂ ಸೀರೆ ಅಂಗಡಿಗೆ ಹೋದರೆ "ಮಾಳವ್ವನ ಅಂಚು ಇದ್ರೆ ತೋರಿಸಿ" ಅಂತಲೇ ಕೇಳೋದು.

ನೀತಿ ಇಷ್ಟೇ: ಇನ್ನೊಬ್ಬರು ಮಾಡಿದ ಕೆಲಸ ಕದಿಯಬಹುದು, ಅದನ್ನು ಮಾಡಿದ ಕಣ್ಣನ್ನು ಕದಿಯೋಕೆ ಆಗೋದಿಲ್ಲ. ಏಳಿ ಮತ್ತೆ, ಹಿತ್ತಲಲ್ಲಿ ಏನೇನು ಅರಳಿದೆ ನೋಡಿಕೊಂಡು ಬನ್ನಿ. ಕೀಳಬೇಡಿ!