ಒಂದಿನಪೇಟೆಗೆ ಆ ಹೆಸರು ಬಂದ ಬಗೆ

ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಹಟ್ಟಿಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬರೆಯಲು ಬಿಡುವಿಲ್ಲ, ನನಗೆ ಹೇಳಲು ಬರುವುದಿಲ್ಲ. ಪ್ರೌಢಶಾಲೆಯ ಬೆಳ್ಳಿಹಬ್ಬದ ಸಂಚಿಕೆಗೆ ಸ್ಥಳದ ಐತಿಹ್ಯವೊಂದು ಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಕಟ್ಟೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು. ಹಾಲಿನ ಡೇರಿಯಲ್ಲಿ ಕುಳಿತು ಬರೆಯುವವನು ಇದನ್ನೂ ಬರೆದಾನು ಎಂದು ಅವರ ಎಣಿಕೆ. ಆದರೆ ಎಷ್ಟು ಲೀಟರು ಎಂದು ಬರೆಯುವುದು ಬೇರೆ, ಹೀಗಾಯಿತು ಎಂದು ಬರೆಯುವುದು ಬೇರೆ. ಇದು ನನ್ನ ಮೊದಲ ಬರಹ. ಒಂದೇ ಮಾತಿಗೆ ಮುಗಿಯುವುದನ್ನು ನಾಲ್ಕು ಮಾತಿನಲ್ಲಿ ಹೇಳಿದ್ದರೆ ಓದುಗರು ಮನ್ನಿಸಬೇಕು. ತಪ್ಪು ಕಂಡರೆ ಅದನ್ನು ನನ್ನ ತಲೆಗೆ ಕಟ್ಟಬೇಕೇ ಹೊರತು ಹಿರಿಯರು ಹೇಳಿದ ಸಂಗತಿಯ ಮೇಲೆ ಅನುಮಾನ ಪಡಬಾರದು.

ಮೊದಲು ಸ್ಥಳವನ್ನು ಹೇಳುತ್ತೇನೆ. ಬಿಳಿಗಲ್ಲುದುರ್ಗದ ಕಡೆಯಿಂದ ಬಸ್ಸಿನಲ್ಲಿ ಬಂದರೆ, ಹಳ್ಳದ ಸೇತುವೆ ದಾಟುವ ಮುನ್ನ ಎಡಕ್ಕೆ ಒಂದು ಬಯಲು ಸಿಗುತ್ತದೆ. ಅಲ್ಲಿ ಮೊಣಕಾಲೆತ್ತರದ ಕಲ್ಲಿನ ಜಗಲಿಗಳು ಎರಡು ಸಾಲಾಗಿ ಎದುರುಬದುರಾಗಿ ನಿಂತಿವೆ. ನಡುವೆ ಬೀದಿಯಷ್ಟು ಅಗಲದ ಜಾಗ. ಮನೆಯಿಲ್ಲ, ಮಾಡಿಲ್ಲ, ಬಾವಿಯಿಲ್ಲ, ಗುಡಿಯೂ ಇಲ್ಲ. ಕಲ್ಲಿನ ಸಂದಿಯಲ್ಲಿ ತಂಗಡಿ ಗಿಡ ಬೆಳೆದಿದೆ. ಇದಕ್ಕೆ ಒಂದಿನಪೇಟೆ ಎಂದು ಹೆಸರು. ಸೇತುವೆ ದಾಟಿದರೆ ನಮ್ಮದು ಸಿರಿಯವ್ವನಹಟ್ಟಿ. ಪ್ರೌಢಶಾಲೆ, ಬ್ಯಾಂಕು, ಆಸ್ಪತ್ರೆ, ಪೆಟ್ರೋಲ್ ಬಂಕು, ಮಂಗಳವಾರದ ಸಂತೆ ಎಲ್ಲವೂ ಇಲ್ಲಿವೆ. ಹೊಸದಾಗಿ ಬಂದವರು ಬಸ್ಸಿಳಿದೊಡನೆ ಕೇಳುತ್ತಾರೆ: ಏನೂ ಇಲ್ಲದ ಬಯಲನ್ನು ಪೇಟೆ ಎನ್ನುತ್ತೀರಿ, ಎಲ್ಲ ಇರುವ ಊರನ್ನು ಹಟ್ಟಿ ಎನ್ನುತ್ತೀರಿ, ಬೋರ್ಡು ಹೊಡೆದವನು ಅದಲು ಬದಲು ಮಾಡಿದನೇ? ನಾವು ನಗುವುದಿಲ್ಲ. ತಲೆ ತಗ್ಗಿಸುತ್ತೇವೆ. ಅದು ಏಕೆಂಬುದೇ ಈ ಐತಿಹ್ಯ.

ಅದಕ್ಕೂ ಮುನ್ನ ಹಟ್ಟಿ ಎಂದರೇನು, ಪೇಟೆ ಎಂದರೇನು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಗೊತ್ತಿದ್ದವರು ಈ ಭಾಗವನ್ನು ಬಿಟ್ಟು ಓದಬಹುದು. ಕುರಿ ದನಗಳ ಸುತ್ತ ಮುಳ್ಳುಬೇಲಿ ಹಾಕಿಕೊಂಡು, ಅವುಗಳ ಪಕ್ಕದಲ್ಲೇ ಗುಡಿಸಲು ಕಟ್ಟಿ ಬದುಕುವುದು ಹಟ್ಟಿ. ಹೊಲ ಉಳುವವರು ನೆಲೆನಿಂತರೆ ಹಳ್ಳಿ. ಕೆರೆ, ಗುಡಿ, ಊರಬಾಗಿಲು ಎಲ್ಲ ಇದ್ದು, ನಡುವೆ ಕರುಗಲ್ಲು ನೆಟ್ಟಿದ್ದರೆ ಅದು ಊರು. ಕರುಗಲ್ಲು ಎಂದರೆ ಊರು ಕಟ್ಟುವ ದಿನ ಪೂಜೆ ಮಾಡಿ ನೆಡುವ ಕಲ್ಲು. ಅಂಗಡಿ ಸಾಲು ಇದ್ದು ಕೊಳ್ಳುವವರು ಹೊರಗಿನಿಂದ ಬರುವಂತಿದ್ದರೆ ಪೇಟೆ. ಅದಕ್ಕೂ ಮೇಲೆ ಕೋಟೆಯಿರುವ ಪಟ್ಟಣ. ಇದು ನಾನು ಕೇಳಿದ ಕ್ರಮ. ಬೇರೆಯವರು ಬೇರೆ ಹೇಳುತ್ತಾರೆ. ನಮ್ಮ ದೊಡ್ಡಪ್ಪ ಎತ್ತಪ್ಪನವರು ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಪ್ರಕಾರ ಹೊಸಬನೊಬ್ಬ ಕಾಲಿಟ್ಟಾಗ ಎಲ್ಲ ನಾಯಿಗಳೂ ಬೊಗಳಿದರೆ ಅದು ಹಟ್ಟಿ, ಆ ಬೀದಿಯ ನಾಯಿಗಳು ಮಾತ್ರ ಬೊಗಳಿದರೆ ಹಳ್ಳಿ, ಹೋದ ಮನೆಯ ನಾಯಿ ಮಾತ್ರ ಬೊಗಳಿದರೆ ಊರು, ಯಾವ ನಾಯಿಯೂ ತಲೆಯೆತ್ತಿ ನೋಡದಿದ್ದರೆ ಪೇಟೆ. ಪಟ್ಟಣದಲ್ಲಿ ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ಅಲ್ಲಿ ಮನುಷ್ಯರೇ ಬೊಗಳುತ್ತಾರೆ ಎಂದಿದ್ದರು.

ಹಿಂದೆ ಒಮ್ಮೆ, ಬಿಳಿಗಲ್ಲುದುರ್ಗವನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಈಗ ಕಲ್ಲಿನ ಜಗಲಿಗಳಿರುವ ಬಯಲಿನಲ್ಲೇ ನಮ್ಮವರ ಹಟ್ಟಿಯಿತ್ತು ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಕುರಿಹಿಂಡನ್ನು ಇಲ್ಲಿಗೆ ಹೊಡೆದುಕೊಂಡು ಬಂದು ಮೊದಲ ಬೇಲಿ ಹಾಕಿದವಳು ಸಿರಿಯವ್ವ. ಅವಳ ಮಗ ಪಾಲಯ್ಯ ಹಟ್ಟಿಯ ಯಜಮಾನನಾಗಿದ್ದ. ವರ್ಷಕ್ಕೊಮ್ಮೆ ಸುತ್ತಿನ ಯಜಮಾನರೆಲ್ಲ ದುರ್ಗಕ್ಕೆ ಹೋಗಿ ನಾಯಕರಿಂದ ವೀಳ್ಯ ಪಡೆಯುವ ಪದ್ಧತಿಯಿತ್ತು. ವೀಳ್ಯ ಎಂದರೆ ಎಲೆ ಅಡಿಕೆಯೇ, ಆದರೆ ಕೊಡುವ ಕ್ರಮದಲ್ಲಿ ಮರ್ಯಾದೆಯಿತ್ತು. ಮೊದಲು ಪಟ್ಟಣದವರಿಗೆ, ಆಮೇಲೆ ಪೇಟೆಯವರಿಗೆ. ಇವರಿಗೆ ಕೂರಲು ಕಂಬಳಿ ಹಾಸುತ್ತಿದ್ದರು. ನಂತರ ಊರಿನವರು, ಹಳ್ಳಿಯವರು. ಹಟ್ಟಿಯವರು ಬಾಗಿಲಾಚೆ ನಿಂತು ಕೈಯೊಡ್ಡಬೇಕಿತ್ತು. ಒಂದು ವರ್ಷ ಪಾಲಯ್ಯನ ಸರದಿ ಬರುವಷ್ಟರಲ್ಲಿ ತಟ್ಟೆ ಬರಿದಾಯಿತು. ಅವನು ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ತಿಳಿಯದೆ ಹಾಗೇ ನಿಂತಿದ್ದನಂತೆ. ಒಳಗೆ ಕಂಬಳಿಯ ಮೇಲೆ ಕುಳಿತಿದ್ದ ಪೇಟೆಯ ಶೆಟ್ಟರೊಬ್ಬರು, ಬಾಯಿ ತುಂಬ ಎಲೆ ಹಾಕಿಕೊಂಡು, “ಹಟ್ಟಿಯವರಿಗೆ ಎಲೆ ಯಾಕಪ್ಪಾ, ಮನೆಗೆ ತಲುಪೋದ್ರೊಳಗೆ ಕುರಿ ತಿಂದಿರ್ತಾವೆ” ಎಂದರು. ಇಡೀ ಸಭೆ ನಕ್ಕಿತು. ಅವನ ಹಿಂದೆ ನಿಂತಿದ್ದ ಹಟ್ಟಿಯವರೂ, ಏನು ಮಾಡಬೇಕೆಂದು ತೋಚದೆ, ಸ್ವಲ್ಪ ನಕ್ಕರು.

ಅಂದಿನಿಂದ ಪಾಲಯ್ಯನಿಗೆ ಒಂದೇ ಹಟ: ಮುಂದಿನ ವರ್ಷದೊಳಗೆ ತಮ್ಮದು ಪೇಟೆಯಾಗಬೇಕು. ಹೊಸ ಪೇಟೆಗೆ ಒಪ್ಪಿಗೆ ಕೊಡುವ ಮುನ್ನ ದುರ್ಗದ ಪಾರುಪತ್ಯಗಾರರು ಬಂದು ಕಣ್ಣಾರೆ ನೋಡುತ್ತಿದ್ದರು. ಅವರ ಕಣ್ಣಿಗೆ ಪೇಟೆಯಂತೆ ಕಂಡರೆ ಸಾಕೆಂದು ಅವನು ಕುರಿರೊಪ್ಪದ ಜಾಗದಲ್ಲೇ ಕಲ್ಲಿನ ಜಗಲಿ ಕಟ್ಟಿಸಿದ. ರೊಪ್ಪ ಎಂದರೆ ಕುರಿ ಕೂಡುವ ಬೇಲಿ. ಮಟ್ಟವಾದ ನೆಲ ಬೇರೆಲ್ಲೂ ಇರಲಿಲ್ಲ. ನೆಂಟರಿಷ್ಟರಿಂದ ಬಟ್ಟೆ, ಬೆಲ್ಲ, ಕೊಬ್ಬರಿ, ಪಾತ್ರೆಗಳನ್ನು ಕೇಳಿ ತಂದರು. ಕಂಬಳಿ ಬಿಟ್ಟು ಬಿಳಿ ಪಂಚೆ ಉಟ್ಟರು. ಬೆಲೆ ಕೇಳುವುದು ಹೇಗೆ, ಇಲ್ಲ ಅನ್ನುವುದು ಹೇಗೆ ಎಂದು ಕಲಿತರು. ಮರೆಮಾಡಲು ಉಳಿದದ್ದು ಕುರಿಹಿಂಡು, ನಾಯಿಗಳು ಮತ್ತು ಸಿರಿಯವ್ವ. ಅವಳು ಮಾತನಾಡಿದರೆ ಹಟ್ಟಿ ಗೊತ್ತಾಗುತ್ತಿತ್ತು, ಎದ್ದು ನಡೆದರೂ ಗೊತ್ತಾಗುತ್ತಿತ್ತು. ಒಂದು ದಿನದ ಮಟ್ಟಿಗೆ ಹಿಂಡಿನೊಂದಿಗೆ ಗುಡ್ಡದಾಚೆ ಇದ್ದುಬಿಡು ಎಂದು ಮಗ ನೆಲ ನೋಡಿಕೊಂಡು ಕೇಳಿದ. “ಒಂದಿನ ತಾನೆ, ಇರ್ತೀನಿ ಬಿಡಪ್ಪ,” ಎಂದಳು ಅವಳು. “ನಾಯಿಗಳನ್ನೂ ಕರ್ಕೊಂಡೇ ಹೋಗ್ತೀನಿ. ಅವಕ್ಕೂ ಪೇಟೆ ಮಾತು ಬರಲ್ಲ.” ಅವಳು ತಮಾಷೆಗೆ ಹೇಳಿದಳೋ ನೊಂದು ಹೇಳಿದಳೋ ಎಂಬ ಬಗ್ಗೆ ಹಿರಿಯರಲ್ಲಿ ಎರಡು ಅಭಿಪ್ರಾಯಗಳಿವೆ.

ಇಲ್ಲಿ ಕುರಿ ಸಾಕುವವರ ಒಂದು ವಾಡಿಕೆಯನ್ನು ವಿವರಿಸಬೇಕು. ಎಳೆಯ ಮರಿಗಳನ್ನು ಮೇವಿಗೆ ಹೊಡೆಯುವುದಿಲ್ಲ. ತಾಯಿಕುರಿಗಳು ಹೋದ ಮೇಲೆ ಮರಿಗಳನ್ನು ಬಿದಿರಿನ ದೊಡ್ಡ ಬುಟ್ಟಿಗಳ ಕೆಳಗೆ ಕವುಚಿ ಇಡುತ್ತಾರೆ. ಸಂಜೆ ಹಿಂಡು ಹಟ್ಟಿಯ ಹತ್ತಿರ ಬಂದಾಗ ಕಾಯುವವರು ದೂರದಿಂದಲೇ ಮನೆಯವರ ಹೆಸರು ಹಿಡಿದು ಕೂಗುತ್ತಾರೆ. ಕೂಗಿದೊಡನೆ ಮನೆಯವರು ಓಡಿಬಂದು ಬುಟ್ಟಿ ಎತ್ತಬೇಕು. ಇದು ಇಂದಿಗೂ ಹಾಗೇ ಇದೆ. ಆ ದಿನ ಬೆಳಿಗ್ಗೆಯೂ ಹಾಗೇ ಆಯಿತು. ದೊಡ್ಡ ಕುರಿಗಳು ಗುಡ್ಡಕ್ಕೆ ಹೋದವು, ಮರಿಗಳು ಎಂದಿನಂತೆ ಬುಟ್ಟಿಯಡಿ ಉಳಿದವು. ಎಲ್ಲವನ್ನೂ ಯೋಚಿಸಿದ್ದ ಜನ ಇದನ್ನು ಯೋಚಿಸಲಿಲ್ಲ, ಏಕೆಂದರೆ ಬುಟ್ಟಿಯ ಕೆಳಗೆ ಮರಿ ಇರುವುದು ಅವರಿಗೆ ಮನೆಯ ಮೇಲೆ ಮಾಡು ಇದ್ದಷ್ಟೇ ಸಹಜ. ಸಾಲದ್ದಕ್ಕೆ ಕಲ್ಲಿನ ಜಗಲಿ ತಗ್ಗಾಯಿತೆಂದು, ಆ ಕವುಚಿದ ಬುಟ್ಟಿಗಳನ್ನೇ ಮರಿಸಮೇತ ಜಗಲಿಯ ಮೇಲೆ ಸಾಲಾಗಿ ಇಟ್ಟು, ಬಟ್ಟೆ ಹೊದಿಸಿ, ಬೆಲ್ಲ ಕೊಬ್ಬರಿಗಳನ್ನು ಅವುಗಳ ಮೇಲೆ ಜೋಡಿಸಿದರು.

ಬೆಳಿಗ್ಗೆ ಬರಬೇಕಾದ ಪಾರುಪತ್ಯಗಾರರು ಬಂದದ್ದು ಇಳಿಹೊತ್ತಿಗೆ. ಕುದುರೆಯಿಂದಿಳಿದು ಬೀದಿಯುದ್ದಕ್ಕೂ ನಡೆದರು. ಒಂದು ನಾಯಿಯೂ ಬೊಗಳಲಿಲ್ಲ. ಅವರಿಗೆ ಸಮಾಧಾನವಾದಂತಿತ್ತು. ವೀಳ್ಯದ ತಟ್ಟೆಯನ್ನು ತರಲು ಆಳಿಗೆ ಸನ್ನೆ ಮಾಡಿದರು. ಅದೇ ಹೊತ್ತಿಗೆ ಗುಡ್ಡದ ಅಂಚಿನಲ್ಲಿ ಧೂಳೆದ್ದಿತು. ಸಿರಿಯವ್ವ ಹಿಂಡನ್ನು ತಡೆಯಲು ನೋಡಿದಳಂತೆ, ಆದರೆ ಕೆಚ್ಚಲು ತುಂಬಿದ ಕುರಿಯನ್ನು ತಡೆಯುವ ನಾಯಕ ಇನ್ನೂ ಹುಟ್ಟಿಲ್ಲ. ಹಿಂಡು ಇಳಿಯಿತು. ಅದರ ಹಿಂದೆ ಬಂದ ಮುದುಕಿ ಎಂದಿನ ಜಾಗಕ್ಕೆ ಬಂದಾಗ ಬಾಯಿ ತಾನಾಗಿ ಕೂಗಿತು: “ಪಾಲಾ, ಮರಿ ಬಿಡಪ್ಪಾ.” ಪಾಲಯ್ಯ ಕೇಳಿಸಿಕೊಂಡ. ಅವನ ಕೈ ವೀಳ್ಯಕ್ಕೆ ಒಡ್ಡಿತ್ತು. ಅವಳು ಇನ್ನೊಮ್ಮೆ ಕೂಗಿದಳು. ಅವನು ಆ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ತಾಯಿಕುರಿಗಳ ದನಿ ಕೇಳಿ ಬೆಲ್ಲದ ಕೆಳಗೆ, ಬಟ್ಟೆಯ ಕೆಳಗೆ, ಕೊಬ್ಬರಿಯ ಕೆಳಗೆ ಮರಿಗಳು ಅರಚತೊಡಗಿದವು. ಕುರಿಗಳು ಅಂಗಡಿಗಳ ಮೇಲೆ ನುಗ್ಗಿದವು. ಪಾರುಪತ್ಯಗಾರರು ಪಂಚೆ ಎತ್ತಿ ಹಿಡಿದು, ಈ ಹೆಂಗಸು ಯಾರು ಎಂದು ಕೇಳಿದರು.

ಪಾಲಯ್ಯ ಹೇಳಿದ ಮಾತನ್ನು ನಮ್ಮಲ್ಲಿ ಮಕ್ಕಳಿಗೆ ಹೇಳುವಾಗ ದನಿ ತಗ್ಗಿಸುತ್ತಾರೆ. ಅವನು, “ಯಾರೋ ಹಟ್ಟಿಯವಳು ಸ್ವಾಮಿ, ನಮಗೆ ಗೊತ್ತಿಲ್ಲ” ಎಂದ. ಬಿಳಿ ಪಂಚೆಯಲ್ಲಿ ನಿಂತಿದ್ದ ಹಟ್ಟಿಯವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅವರೆಲ್ಲ ಅವಳ ಕೈಯಲ್ಲಿ ಒಂದಲ್ಲ ಒಂದು ದಿನ ಹಾಲು ಕುಡಿದವರೇ. ಪಾರುಪತ್ಯಗಾರರು ದಡ್ಡರಲ್ಲ; ಗೊತ್ತಿಲ್ಲದವಳ ಮರಿಗಳು ನಿಮ್ಮ ಅಂಗಡಿಯ ಕೆಳಗೆ ಹೇಗೆ ಬಂದವು ಎಂದರು. ಸಿರಿಯವ್ವ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಾರುಪತ್ಯಗಾರರಿಗೆ ಕೈಮುಗಿದು, “ದೊಡ್ಡ ಪೇಟೆ ಅಂತ ಕೇಳಿ ಮರಿ ಮಾರೋಕೆ ಬಿಟ್ಟಿದ್ದೆ ಬುದ್ಧಿ. ಬೆಲೆ ಹೊಂದಲಿಲ್ಲ, ವಾಪಸ್ ಹೊಡ್ಕೊಂಡು ಹೋಗ್ತೀನಿ” ಎಂದಳು. ಬುಟ್ಟಿಗಳನ್ನು ಒಂದೊಂದಾಗಿ ತಾನೇ ಎತ್ತಿದಳು. ಮರಿಗಳು ತಮ್ಮ ತಮ್ಮ ತಾಯಿಯನ್ನು ಸೇರಿದವು. ಅವಳು ಹಿಂಡನ್ನೆಲ್ಲ ಹೊಡೆದುಕೊಂಡು ಹಳ್ಳ ದಾಟಿ ಹೋದಳು. ಹೊರಗಿನ ಹಟ್ಟಿಯವರೂ ವ್ಯಾಪಾರಕ್ಕೆ ಬರುವ ಜಾಗ ಪೇಟೆಯಲ್ಲದೆ ಮತ್ತೇನು ಎಂದು ಪಾರುಪತ್ಯಗಾರರು ಮೆಚ್ಚಿ ಪಾಲಯ್ಯನ ಕೈಗೆ ವೀಳ್ಯ ಇಟ್ಟರು. ಹೀಗೆ ಅದು ಪೇಟೆಯಾಯಿತು.

ಆ ವೀಳ್ಯವನ್ನು ಅವನು ಬಾಯಿಗಿಡಲಿಲ್ಲ ಎನ್ನುತ್ತಾರೆ. ಕತ್ತಲಾಗುತ್ತಿದ್ದಂತೆ ಹಳ್ಳದ ಆಚೆ ಹೋಗಿ ನೋಡಿದರೆ ಅವ್ವ ಆಗಲೇ ಮುಳ್ಳು ಕಡಿದು ಹೊಸ ಬೇಲಿ ಹಾಕುತ್ತಿದ್ದಳು. ಮನೆಗೆ ಬಾ ಎಂದು ಕರೆದ. ಅವಳು ಬೈಯಲಿಲ್ಲ, ಅಳಲಿಲ್ಲ. “ಪೇಟೆ ಯಜಮಾನರು ಹಟ್ಟಿ ಬಾಗಿಲಲ್ಲಿ ನಿಲ್ಲಬಾರದಪ್ಪ, ನೋಡಿದೋರು ಏನಂದಾರು” ಎಂದಷ್ಟೇ ಹೇಳಿ ಮುಳ್ಳು ಎಳೆದಳು. ಮರುದಿನದಿಂದ ಒಬ್ಬೊಬ್ಬರೇ ಹಳ್ಳ ದಾಟತೊಡಗಿದರು. ಹೆಂಗಸರು ಮೊದಲು, ಗಂಡಸರು ಆಮೇಲೆ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ. ಕೊನೆಗೆ ಅಂಗಡಿಯಿಲ್ಲದ ಪೇಟೆಗೆ ಪಾಲಯ್ಯ ಒಬ್ಬನೇ ಯಜಮಾನನಾದ. ಅವನು ಒಣಗಿದ ಎಲೆಯನ್ನು ಜಗಲಿಯ ಮೇಲೆ ಇಟ್ಟು ಬಂದು, ಅವ್ವನ ಬೇಲಿಯ ಹೊರಗೆ ಕುಳಿತ. ಒಳಗೆ ಬಾ ಎಂದು ಅವಳು ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೀಗೆ ಕೆಲವು ದಿನ ಕಳೆದವು. ಒಂದು ಸಂಜೆ ಹಿಂಡು ಬರುವಾಗ ದೂರದಿಂದ ಕೂಗು ಕೇಳಿತು: “ಪಾಲಾ, ಮರಿ ಬಿಡಪ್ಪಾ.” ಅವನು ಎದ್ದು ಓಡಿದ ರಭಸಕ್ಕೆ ಬೇಲಿಯ ಮುಳ್ಳು ಮೈಯೆಲ್ಲ ಗೀರಿತಂತೆ. ಕ್ಷಮೆಯ ಮಾತು ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ನಡೆಯಲಿಲ್ಲ.

ಕಲ್ಲುಗಳನ್ನು ಕಿತ್ತು ಮನೆಗೆ ಹಾಕಿಕೊಳ್ಳೋಣ ಎಂದವರನ್ನು ಪಾಲಯ್ಯನೇ ತಡೆದ. ನಮ್ಮ ನಾಚಿಕೆ ನಮ್ಮ ಕಣ್ಣೆದುರಿಗೇ ಇರಲಿ ಎಂದ. ದಾರಿಹೋಕರು ಅದನ್ನು ಒಂದಿನಪೇಟೆ ಎಂದರು, ನಮ್ಮವರು ಇಲ್ಲವೆನ್ನಲಿಲ್ಲ. ಅಂದಿನಿಂದ ನಮ್ಮದು ಎಷ್ಟೇ ಬೆಳೆದರೂ ಹಟ್ಟಿ. ಈಚೆಗೆ ಕೆಲವು ಹುಡುಗರು ಸೇತುವೆಯ ಬಳಿ ‘ಸಿರಿನಗರ’ ಎಂದು ಬೋರ್ಡು ನೆಟ್ಟಿದ್ದರು. ಹಿರಿಯರು ಜಗಳವಾಡಲಿಲ್ಲ, ಅವರನ್ನು ಸಂಜೆ ಕರೆದೊಯ್ದು ಆ ಜಗಲಿಗಳ ಮೇಲೆ ಸುಮ್ಮನೆ ಕೂರಿಸಿಕೊಂಡು ಬಂದರು. ಬೆಳಗಾದಾಗ ಬೋರ್ಡು ಇರಲಿಲ್ಲ. ನಮ್ಮಲ್ಲಿ ಇಂದಿಗೂ ಹೊಸಬರು ಬಂದರೆ ಎಲ್ಲ ನಾಯಿಗಳೂ ಬೊಗಳುತ್ತವೆ, ನಾವು ತಡೆಯುವುದಿಲ್ಲ. ತಾಯಿ ಎರಡನೆಯ ಸಲ ಕೂಗುವಂತೆ ಮಾಡಿದವನಿಗೆ ಮದುವೆ ಮನೆಯಲ್ಲಿ ಎಲೆ ಅಡಿಕೆ ಕೊಡುವುದಿಲ್ಲ.

ಇನ್ನು ಬಂದವರು ನೋಡಬಹುದಾದ್ದು. ಬಲಗಡೆಯ ಸಾಲಿನ ದೊಡ್ಡ ಜಗಲಿಯ ಮೇಲೆ ಒಂದು ವೀಳ್ಯದೆಲೆ ಇರುತ್ತದೆ. ಒಣಗಿದಂತೆಲ್ಲ ಯಾರಾದರೂ ಹೊಸದು ಇಡುತ್ತಾರೆ, ಅದನ್ನು ತೆಗೆಯಬಾರದು. ಅದರ ಪಕ್ಕದಲ್ಲಿ ಒಂದು ಬಿದಿರಿನ ಬುಟ್ಟಿಯನ್ನು ಅಂಗಾತ ಇಟ್ಟಿರುತ್ತೇವೆ, ಕವುಚಿ ಇಡುವುದಿಲ್ಲ. ಇದನ್ನು ಕಂಡು ಬಹಳ ಜನ ಮಳೆನೀರು ತುಂಬುವುದಿಲ್ಲವೇ ಎಂದು ಕೇಳುತ್ತಾರೆ. ಬಿದಿರಿನ ಬುಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ, ಅದು ಮೊದಲನೆಯ ಮಾತು. ಅಂಗಾತ ಇಡುವುದಕ್ಕೆ ಹಿರಿಯರು ಎರಡು ಕಾರಣ ಹೇಳುತ್ತಾರೆ. ಒಂದು, ಅದರ ಕೆಳಗೆ ನಾವು ಏನನ್ನೂ ಮುಚ್ಚಿಟ್ಟಿಲ್ಲವೆಂದು ದಾರಿಯಲ್ಲಿ ಹೋಗುವವರಿಗೆ ಕಾಣಲಿ ಎಂದು. ಇನ್ನೊಂದು ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಿರಿಯವ್ವ ತೀರಿಕೊಳ್ಳುವ ಮುನ್ನ ಮಗನನ್ನು ಹತ್ತಿರ ಕರೆದು

ಓದುಗರು ಮನ್ನಿಸಬೇಕು. ಕುರಿ ಬಂದವು, ಬೀದಿಯ ತುದಿಯಿಂದ ನಮ್ಮವ್ವ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಇದು ಮೊದಲನೆಯ ಕೂಗು.