ನಕ್ಕ ನೀರಿನ ಹೊಂಡ

ಮಡಗಾಸ್ಕರ್ ದ್ವೀಪದ ಪಡುವಣ ತೀರದಲ್ಲಿ, ಕಡಲಿನಿಂದ ಎರಡು ಹರದಾರಿ ಒಳಗೆ, ಬಿಳಿ ಮರಳು ಮುಗಿದು ಕೆಂಪು ನೆಲ ಶುರುವಾಗುವ ಕಡೆ ಒಂದು ಹೊಂಡವಿದೆ. ದೊಡ್ಡದೇನಲ್ಲ, ನಮ್ಮ ಕಡೆಯ ಒಂದು ಕಲ್ಯಾಣಿಯ ಅರ್ಧದಷ್ಟಿರಬಹುದು. ಮೆಟ್ಟಿಲಿಲ್ಲ, ಕಟ್ಟೆಯಿಲ್ಲ, ಗುಡಿಯೂ ಇಲ್ಲ. ದಂಡೆಯಲ್ಲಿ ಒಂದು ಮುದಿ ಹುಣಸೆಮರ, ಆಚೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ನಾಲ್ಕಾರು ಬಾವೊಬಾಬ್ ಮರಗಳು, ಉಳಿದಂತೆ ಮುಳ್ಳುಕಂಟಿ. ನೀರು ಮಾತ್ರ ತಿಳಿ, ಸಿಹಿ. ಆ ಸೀಮೆಯವರು ಇದನ್ನು ರಾನುಮಿಹೇಹಿ ಎಂದು ಕರೆಯುತ್ತಾರೆ. ಅವರ ಮಾತಿನಲ್ಲಿ ರಾನು ಎಂದರೆ ನೀರು, ಮಿಹೇಹಿ ಎಂದರೆ ನಗುವುದು. ಅಷ್ಟು ಬಿಸಿಲಿನ, ಅಷ್ಟು ಒಣ ನೆಲದಲ್ಲಿ ನೀರಿಗೆ ನಗು ಬಂದದ್ದಾದರೂ ಯಾತಕ್ಕೆ ಎಂದು ಕೇಳಿದರೆ ಅಲ್ಲಿನ ಮುದುಕರು ಕೂರಲು ಚಾಪೆ ಹಾಸುತ್ತಾರೆ. ಏಕೆಂದರೆ ಅದು ನಿಂತುಕೊಂಡು ಹೇಳಿ ಮುಗಿಸುವ ಕಥೆಯಲ್ಲ.

ದ್ವೀಪ ಎಂದೊಡನೆ ನಾಲ್ಕು ತೆಂಗಿನಮರ, ಸುತ್ತ ನೀರು ಎಂದುಕೊಳ್ಳುವವರು ಮೊದಲು ಆ ಚಿತ್ರವನ್ನು ಅಳಿಸಿಹಾಕಬೇಕು. ನಮ್ಮ ಕರ್ನಾಟಕದಂಥ ಮೂರನ್ನು ಒಳಗಿಟ್ಟರೂ ಹಿಡಿಸುವಷ್ಟು ದೊಡ್ಡ ನೆಲ ಅದು. ಮೂಡಣ ಗಾಳಿ ಹೊತ್ತು ತರುವ ಮಳೆಯನ್ನು ಮೂಡಣ ಮಗ್ಗುಲಿನ ಬೆಟ್ಟಗಳೇ ಕುಡಿದುಬಿಡುತ್ತವೆ. ಅಲ್ಲಿ ದಟ್ಟ ಕಾಡು; ನಡುವಣ ಎತ್ತರದ ಸೀಮೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆ. ಪಡುವಣಕ್ಕೆ ಬರುವ ಹೊತ್ತಿಗೆ ಮೋಡದ ಚೀಲ ಬರಿದಾಗಿರುತ್ತದೆ. ಜನವೂ ಒಂದೇ ಕಡೆಯಿಂದ ಬಂದವರಲ್ಲ. ಮೂಡಣ ಮಹಾಸಾಗರದ ಆಚೆಯ ದ್ವೀಪಗಳಿಂದ ದೋಣಿಯೇರಿ ಬಂದವರು, ಆಫ್ರಿಕದ ದಂಡೆಯಿಂದ ದಾಟಿದವರು, ವ್ಯಾಪಾರಕ್ಕೆ ಬಂದು ಅಲ್ಲಿಯೇ ಹೆಣ್ಣು ತಂದು ಉಳಿದ ಅರಬರು, ಎಲ್ಲರೂ ಬೆರೆತು ಹಲವು ಪಂಗಡವಾದರು, ಆದರೆ ಆಡುವ ಮಾತು ಮಾತ್ರ ಒಂದೇ ಬೇರಿನದು. ಹೊಂಡದ ಕಥೆಗೆ ಬೇಕಾದವರು ಅವರಲ್ಲಿ ಎರಡೇ ಪಂಗಡದವರು. ಕಡಲಂಚಿನ ವೇಜು ಜನ, ದೋಣಿ ಮತ್ತು ಮೀನು ಬಿಟ್ಟರೆ ಬೇರೆ ಬದುಕು ಕಾಣದವರು. ಒಳನಾಡಿನ ಮಾಸಿಕೂರು ಜನ, ಜೋಳ ಬಿತ್ತುವವರು, ಡುಬ್ಬದ ಹಸುಗಳ ಹಿಂದೆ ನಡೆಯುವವರು. ಕಡಲಿನವರು ಒಣಮೀನು ಕೊಟ್ಟರೆ ಒಳನಾಡಿನವರು ಜೋಳ ಕೊಡುತ್ತಿದ್ದರು. ಸಿಹಿನೀರು ಮಾತ್ರ ಇಬ್ಬರಿಗೂ ಈ ಹೊಂಡದ್ದೇ ಆಗಬೇಕಿತ್ತು.

ಹಿಂದೆ ಒಮ್ಮೆ, ಮೂರು ವರ್ಷ ಸರಿಯಾಗಿ ಮಳೆ ಕಾಣದ ಕಾಲದಲ್ಲಿ, ಕಡಲಂಚಿನ ಹಳ್ಳಿಯಲ್ಲಿ ಸುವಾಜಾರಾ ಎಂಬ ಹೆಂಗಸಿದ್ದಳು ಎನ್ನುತ್ತಾರೆ. ಗಂಡನನ್ನು ಕಡಲು ತೆಗೆದುಕೊಂಡಿತ್ತು. ಒಬ್ಬಳೇ ಮಗಳು, ನಿರೀನಾ. ಸುವಾಜಾರಾಳ ಕೈ ಒಳ್ಳೆಯದು, ನಾಲಿಗೆ ಕೆಟ್ಟದ್ದು ಎಂದು ಊರಲ್ಲಿ ಹೆಸರು. ಆದರೆ ಆ ವರ್ಷ ಆ ನಾಲಿಗೆ ಬಾಯೊಳಗೇ ಮುದುರಿಕೊಂಡಿತ್ತು, ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹೊಂಡಕ್ಕೆ ನೀರಿಗೆ ಹೋದಾಗ ಸೋರೆಬುರುಡೆ ಒಡೆದುಹೋಗಿ, ದೋಣಿಯೊಳಗಿನ ನೀರು ಎತ್ತಿ ಚೆಲ್ಲುವ ಮರದ ಮೊಗೆಯನ್ನೇ ಅವಳು ಹೊಂಡಕ್ಕೆ ಅದ್ದಿಬಿಟ್ಟಿದ್ದಳು. ಉಪ್ಪು ಹೀರಿದ, ಮೀನು ನಾರುವ ಮೊಗೆ. ನೋಡಿದವರು ನೋಡಿದರು. ಮುಂದೆ ತಿಂಗಳೊಪ್ಪತ್ತಿನಲ್ಲಿ ಹೊಂಡ ಇಳಿಯತೊಡಗಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹೇಳುವವರು ಅಂದು ಯಾರೂ ಇರಲಿಲ್ಲ. ನೀರು ಮುನಿಯಿತು ಎಂದರು ಮಾಸಿಕೂರು ಜನ. ಕಡಲಿನವರು ಯಾರೂ ಇತ್ತ ಕಾಲಿಡಬಾರದು ಎಂದು ದಾರಿಗೆ ಮುಳ್ಳು ಹಾಕಿದರು. ಕಡಲಂಚಿನ ಇಬ್ಬರು ಹಿರಿಯರು ಹೋಗಿ, ಅಲ್ಲಿನ ಪದ್ಧತಿಯಂತೆ ತಲೆ ಬಾಗಿಸಿ, ಗಾದೆಗಳನ್ನು ಪೋಣಿಸಿ ಬಹಳ ಸೊಗಸಾಗಿ ಮಾತಾಡಿದರು. ಉತ್ತರವಾಗಿ ಮಾಸಿಕೂರು ಜನ ಭರ್ಜಿ ತೋರಿಸಿದರು. ಊರಿನ ಬಾವಿಯಲ್ಲಿ ಬರುತ್ತಿದ್ದದ್ದು ಉಪ್ಪುನೀರು. ಬೇರೆಯವರು ಹೇಗೋ ಅದನ್ನೇ ಕುಡಿದು ದಿನ ತಳ್ಳುತ್ತಿದ್ದರು.

ಆ ಹೊತ್ತಿನಲ್ಲೇ ನಿರೀನಾ ಹೆತ್ತಳು. ಆ ನಾಡಿನ ಬಾಣಂತಿ ಬೆಂಕಿಯ ಪಕ್ಕ ಮಲಗಿ, ಬಿಸಿನೀರನ್ನೇ ಕುಡಿದು ಮೈ ಗಟ್ಟಿ ಮಾಡಿಕೊಳ್ಳಬೇಕು. ಉಪ್ಪುನೀರು ಕಾಯಿಸಿದರೆ ಇನ್ನಷ್ಟು ಉಪ್ಪು. ಐದನೆಯ ದಿನಕ್ಕೆ ಅವಳ ಎದೆಹಾಲು ಬತ್ತುತ್ತ ಬಂತು. ಕೂಸು ಅಳುವುದನ್ನು ನಿಲ್ಲಿಸಿ ಬರೀ ಬಾಯಿ ತೆರೆಯತೊಡಗಿತು. ಅಳುವ ಕೂಸನ್ನು ಸಹಿಸಬಹುದು, ಅಳದ ಕೂಸನ್ನು ನೋಡಲಾಗುವುದಿಲ್ಲ. ತನ್ನ ಕೈಯ ತಪ್ಪಿಗೆ ಮಗಳ ಕೂಸು ಹೋಗುತ್ತಿದೆ ಎಂಬುದು ಸುವಾಜಾರಾಳಿಗೆ ಗೊತ್ತಿತ್ತು. ಬೆಳಗಾಗುತ್ತಲೇ ಅವಳು ಯಾರಿಗೂ ಹೇಳದೆ ಒಂದು ಮಡಕೆಯನ್ನು ತಲೆಯ ಮೇಲಿಟ್ಟಳು. ತಪ್ಪು ಮಾಡಿದ ಆ ಮೊಗೆಯನ್ನು, ಅವರೇ ಸುಡಲಿ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಳ್ಳುಬೇಲಿಯನ್ನು ನುಸುಳಿ ಹೊಂಡದ ಕಡೆ ನಡೆದಳು.

ಹುಣಸೆಮರದ ಕೆಳಗೆ ಮಾಸಿಕೂರು ಹಿರಿಯ ತ್ಸಿರೇಸಿ ಕೂತಿದ್ದ. ಬಿಳಿಗಡ್ಡ, ತೊಡೆಯ ಮೇಲೆ ಭರ್ಜಿ. ಹೋರಿಯೊಂದು ಒದ್ದು ಅವನ ಬಲಗಾಲು ಹಲವು ವರ್ಷದಿಂದ ಸೊಟ್ಟಗಾಗಿತ್ತು. ಪಕ್ಕದಲ್ಲಿ ಏಳಲಾರದೆ ಬಿದ್ದ ಒಂದು ಕರು. ಸುವಾಜಾರಾ ಮೊಗೆಯನ್ನು ಅವನ ಕಾಲಬಳಿ ಇಟ್ಟು ಮಂಡಿಯೂರಿದಳು.

“ಅಯ್ಯಾ, ಅದ್ದಿದ್ದು ನಾನೇ. ಇದನ್ನ ಸುಟ್ಟುಬಿಡಿ, ನನಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಮನೇಲಿ ಬಾಣಂತಿ ಇದಾಳೆ. ಒಂದೇ ಒಂದು ಮಡಕೆ ನೀರು ಕೊಡಿ.”

ತ್ಸಿರೇಸಿ ಹೊಂಡದ ಕಡೆ ಕೈ ತೋರಿಸಿದ. ಸುವಾಜಾರಾ ಎದ್ದು ನೋಡಿದಳು. ನೀರೇ ಇರಲಿಲ್ಲ. ಕೆಸರು ಒಣಗಿ ಬಿರುಕುಬಿಟ್ಟಿತ್ತು. ಕೊಡುವುದಕ್ಕೆ ಅವನಲ್ಲಿಯೂ ಏನೂ ಇರಲಿಲ್ಲ ಎಂದು ಆಗ ಅವಳಿಗೆ ತಿಳಿಯಿತು. ಆದರೆ ಅವಳು ಕಡಲಂಚಿನಲ್ಲಿ ಬೆಳೆದವಳು, ಮರಳು ತೋಡಿ ನೀರಿನ ಊಟೆ ಹುಡುಕುವುದು ಬಲ್ಲವಳು. ಬಿರುಕಿನೊಳಗೆ ಕೈ ಇಳಿಸಿದಳು, ಮೊಣಕೈಯವರೆಗೂ ಹೂಳೇ ಇತ್ತು. ನೂರಾರು ದನಗಳು ವರ್ಷಾನುಗಟ್ಟಲೆ ತುಳಿದು ಇಳಿಸಿದ ಹೂಳು. ಬೆರಳ ತುದಿಗೆ ತಂಪು ತಾಕಿತು.

“ನೀರು ಮುನಿದಿಲ್ಲ ಅಯ್ಯಾ, ಹೂತುಹೋಗಿದೆ. ಯಾಕೆ ನೀವು ಹೂಳು ತೆಗೀಲಿಲ್ಲ?”

“ಈ ನೆಲದಲ್ಲಿ ಹುಟ್ಟಿದೋರು ತೆಗೆಯೋ ಹಾಗಿಲ್ಲಮ್ಮ. ನಮ್ಮ ಹಿರೀಕರ ಫಾಡಿ.”

ಫಾಡಿ ಎಂದರೆ ಹಿರಿಯರು ಹಾಕಿಟ್ಟ ಕಟ್ಟು. ಆ ದ್ವೀಪದಲ್ಲಿ ಅದಿಲ್ಲದ ಮನೆತನವಿಲ್ಲ. ಒಬ್ಬರಿಗೆ ಹಂದಿಮಾಂಸ ನಿಷಿದ್ಧ, ಇನ್ನೊಬ್ಬರಿಗೆ ಒಂದು ಹಕ್ಕಿ, ಮತ್ತೊಬ್ಬರಿಗೆ ವಾರದಲ್ಲೊಂದು ದಿನದ ಕೆಲಸ. ಸತ್ತ ಹಿರಿಯರು ಹತ್ತಿರದಲ್ಲೇ ಇದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ ಎಂದು ಅವರ ನಂಬಿಕೆ. ಈ ನೆಲದಲ್ಲಿ ಹುಟ್ಟಿದ ಕೈ ಹೊಂಡದ ಹೊಟ್ಟೆಯನ್ನು ಬಗೆಯಬಾರದು, ಅದಕ್ಕೆ ಮರವನ್ನಾಗಲಿ ಕಬ್ಬಿಣವನ್ನಾಗಲಿ ತಾಗಿಸಬಾರದು ಎಂಬುದು ತ್ಸಿರೇಸಿಯ ಊರಿಗೇ ಬಂದ ಕಟ್ಟು. ಮೊದಮೊದಲು ಅದು ಹೊಂಡವನ್ನು ಕಾಪಾಡಿತ್ತು. ಈಗ ಅದೇ ಹೊಂಡದ ಕತ್ತು ಹಿಸುಕುತ್ತಿತ್ತು. ದನಗಳು ಸಾಯುತ್ತಿದ್ದವು, ಕಾಲಡಿಯಲ್ಲಿ ನೀರಿತ್ತು, ಮುಟ್ಟುವ ಹಾಗಿರಲಿಲ್ಲ. ತಪ್ಪನ್ನು ಮೀನಿನ ಮೊಗೆಯ ಮೇಲೆ ಹಾಕಿದರೆ ಮನಸ್ಸಿಗೆ ಸ್ವಲ್ಪ ಸಮಾಧಾನ, ಅಷ್ಟೇ.

ಸುವಾಜಾರಾ, “ನಾನು ಈ ನೆಲದಲ್ಲಿ ಹುಟ್ಟಿದವಳಲ್ಲವಲ್ಲ” ಎಂದಳು.

ಮುದುಕನ ಕಣ್ಣು ಚುರುಕಾಯಿತು. ಆದರೆ ಅವನು ಮೇಲಕ್ಕೆ, ಹುಣಸೆಯ ಕೊಂಬೆಗಳತ್ತ ನೋಡಿ ದನಿ ತಗ್ಗಿಸಿದ. “ಅಗಿ ಅಂತ ನಾನು ಹೇಳಿದ್ರೆ ನಾನೇ ಅಗೆದ ಹಾಗೆ. ಬೇಡ ಅನ್ನದೆ ಸುಮ್ಮನೆ ಕೂತ್ರೂ ನಾನೇ ಅಗೆದ ಹಾಗೆ. ಅವರಿಗೆ ಎಲ್ಲಾ ಕೇಳಿಸುತ್ತೆ.” ಆಮೇಲೆ ತನ್ನ ಸೊಟ್ಟಕಾಲನ್ನು ಒಮ್ಮೆ ಸವರಿ, ಗಾಳಿಗೆ ಹೇಳುವವನಂತೆ, “ಯಾರಾದ್ರೂ ಕಳ್ಳರು ಇಳಿದ್ರೆ ಬೈಬೋದು. ಎದ್ದು ಹೋಗಿ ಹಿಡಿಯೋಕೆ ಕಾಲೆಲ್ಲಿದೆ ನನಗೆ” ಎಂದ.

ಹೇಳಬೇಕಾದದ್ದೆಲ್ಲ ಆ ಮಾತಿನಲ್ಲಿತ್ತು. ಸುವಾಜಾರಾ ಮೊಗೆ ಎತ್ತಿಕೊಂಡು ಹೊಂಡಕ್ಕೆ ಇಳಿದಳು. ಮೊದಲ ಮೊಗೆ ಹೂಳು ದಂಡೆಗೆ ಬೀಳುವಷ್ಟರಲ್ಲಿ ತ್ಸಿರೇಸಿ ಸತ್ತ ಹಿರಿಯರಿಗೆಲ್ಲ ಕೇಳುವಂತೆ ಕೂಗಿದ. “ಏ ಮೀನುನಾತದ ಮುದುಕಿ, ಮೇಲೆ ಬಾ!” ಇಷ್ಟು ದಿನ ಮುದುರಿಕೊಂಡಿದ್ದ ಸುವಾಜಾರಾಳ ನಾಲಿಗೆ ಬಿಚ್ಚಿಕೊಂಡಿತು. “ಬರಲ್ಲ ಹೋಗೋ, ದನದ ಉಣ್ಣಿ! ಬಂದು ಎಳ್ಕೊಂಡು ಹೋಗು ನೋಡೋಣ!” ನಿನ್ನ ಗಡ್ಡದಲ್ಲಿ ಹಕ್ಕಿ ಮೊಟ್ಟೆಯಿಡುತ್ತದೆ ಎಂದಳು ಅವಳು. ನಿನ್ನನ್ನು ನುಂಗಿದ ಶಾರ್ಕು ವಾಂತಿ ಮಾಡುತ್ತದೆ ಎಂದ ಇವನು. ಮೊದಲು ಹಿರಿಯರಿಗೆ ಕೇಳಲೆಂದು ಬೈದರು. ಬರಬರುತ್ತ ಅದರಲ್ಲಿ ಇಬ್ಬರಿಗೂ ರುಚಿ ಹತ್ತಿತು. ಒಂದು ಬೈಗುಳಕ್ಕೆ ಒಂದು ಮೊಗೆ ಹೂಳು ಹೊರಬೀಳುತ್ತಿತ್ತು.

ಗಲಾಟೆ ಕೇಳಿ ಮಾಸಿಕೂರು ಗಂಡಸರು ಭರ್ಜಿ ಹಿಡಿದು ಓಡಿಬಂದರು. “ಹಿಡೀರೋ ಅವಳನ್ನ!” ಎಂದು ತ್ಸಿರೇಸಿ ಗರ್ಜಿಸಿದ. ಗರ್ಜಿಸುತ್ತಲೇ ಎಲ್ಲರಿಗೂ ಕಾಣುವ ಹಾಗೆ ತನ್ನ ಸೊಟ್ಟಕಾಲನ್ನು ಮತ್ತೆ ಮತ್ತೆ ತಟ್ಟಿದ. ಗಂಡಸರು ಅವನ ಮುಖ ನೋಡಿದರು, ಹೊಂಡದಿಂದ ಬೀಳುತ್ತಿದ್ದ ಹಸಿ ಮಣ್ಣು ನೋಡಿದರು. ಮುಂದಿದ್ದವನು ಭರ್ಜಿ ಕೆಳಗಿಟ್ಟು, “ಅಯ್ಯೋ, ನನ್ನ ಕಾಲಿಗೆ ಮುಳ್ಳು” ಎಂದು ಕುಕ್ಕರಿಸಿದ. ಅವನ ಹಿಂದಿನವನಿಗೆ ಹಿಮ್ಮಡಿ ಉಳುಕಿತು. ಇನ್ನೊಬ್ಬನಿಗೆ ಮೊಣಕಾಲು ಹಿಡಿದುಕೊಂಡಿತು. ನೋಡನೋಡುತ್ತ ಒಂದಿಡೀ ಊರಿನ ಗಂಡಸರು ಕುಂಟರಾಗಿ ದಂಡೆಯ ಸುತ್ತ ಕೂತು ಬಾಯಿಗೆ ಬಂದಂತೆ ಬೈಯತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಸುವಾಜಾರಾಳನ್ನು ಹುಡುಕುತ್ತ ಕಡಲಿನ ಗಂಡಸರು ಬಂದರು. ದೂರದಿಂದ ಕೇಳಿದ ಬೊಬ್ಬೆಗೆ ಅವಳನ್ನು ಕೊಂದೇಬಿಟ್ಟರು ಎಂದುಕೊಂಡು ದೋಣಿಯ ಹುಟ್ಟುಗಳನ್ನೇ ಆಯುಧವಾಗಿ ಎತ್ತಿ ಹಿಡಿದಿದ್ದರು. ಆ ಒಂದು ಗಳಿಗೆ ಏನು ಬೇಕಾದರೂ ಆಗಬಹುದಿತ್ತು ಎಂದು ಮುದುಕರು ಇಂದಿಗೂ ಇಲ್ಲಿ ಸ್ವಲ್ಪ ತಡೆದು ಹೇಳುತ್ತಾರೆ. ಅಷ್ಟರಲ್ಲಿ ಕೆಸರಿನಲ್ಲಿ ಮುಳುಗೆದ್ದ ಒಂದು ತಲೆ ಹೊಂಡದಿಂದ ಮೇಲೆ ಬಂತು. “ಹುಟ್ಟು ಹಿಡ್ಕೊಂಡು ಯುದ್ಧಕ್ಕೆ ಬಂದ್ರಾ, ದಂಡಪಿಂಡಗಳಾ? ಇಳೀರಿ ಕೆಳಗೆ. ನನ್ನ ಸೊಂಟ ಬಿದ್ದುಹೋಗಿದೆ.” ದಂಡೆಯ ಮೇಲಿನ ಕುಂಟರಲ್ಲಿ ಯಾರೋ ಒಬ್ಬ ತಡೆಯಲಾರದೆ ಕಿಸಕ್ಕೆಂದ. ನಗು ದಂಡೆಯುದ್ದ ಹಬ್ಬಿತು. ಕಡಲಿನವರಿಗೆ ಅರ್ಥವಾಗದಿದ್ದರೂ ಅವರೂ ನಕ್ಕರು, ನಗುತ್ತಲೇ ಇಳಿದರು. ಹುಟ್ಟುಗಳಿಂದ ಹೂಳು ಬಗೆದರು. ಬಿಸಿಲು ಇಳಿಯುವ ಹೊತ್ತಿಗೆ ತಳದ ಬಿಳಿ ಮರಳು ಕಂಡಿತು. ಅದರ ನಡುವಿನಿಂದ ಗುಳುಗುಳು ಸದ್ದು ಮಾಡುತ್ತ ಊಟೆ ಎದ್ದಿತು. ನಕ್ಕವರು ಜನರೋ ನೀರೋ ಎಂದು ಹೇಳಲಾಗದಂಥ ಸದ್ದು ಅದು. “ನಮ್ಮನ್ನ ನೋಡಿ ನೀರೇ ನಗ್ತಿದೆ” ಎಂದ ತ್ಸಿರೇಸಿ. ಹೊಂಡಕ್ಕೆ ಹೆಸರು ಬಿದ್ದದ್ದು ಹೀಗೆ ಎನ್ನುತ್ತಾರೆ.

ಸುವಾಜಾರಾ ಮಡಕೆ ತುಂಬಿಕೊಂಡು ಕೈಮುಗಿಯಹೋದಳು. ಮುದುಕ ಥಟ್ಟನೆ ಮುಖ ತಿರುಗಿಸಿದ. ಉಪಕಾರವಾಯಿತು ಎಂದು ಅವಳು ಹೇಳಿದರೆ ಅವನು ಒಪ್ಪಿಕೊಟ್ಟ ಹಾಗಾಗುತ್ತಿತ್ತು, ಅವನು ಹೇಳಿದರೆ ಅಗೆಸಿದ ಹಾಗಾಗುತ್ತಿತ್ತು. “ಕಳ್ಳಿ, ತೊಲಗು” ಎಂದ ಅವನು. ದನಿ ಮಾತ್ರ ಒದ್ದೆಯಾಗಿತ್ತು. ಅವಳು ಒಂದು ಹನಿಯೂ ತುಳುಕದ ಹಾಗೆ ನಡೆದಳು. ಅಂದು ರಾತ್ರಿ ನಿರೀನಾ ಹೊಟ್ಟೆ ತುಂಬ ಬಿಸಿನೀರು ಕುಡಿದಳು. ಮರುದಿನ ಕೂಸು ಊರೇ ಕಿವಿ ಮುಚ್ಚಿಕೊಳ್ಳುವಂತೆ ಅತ್ತಿತು. ಸುವಾಜಾರಾಳಿಗೆ ಅಂಥ ಸಂಗೀತ ಎಂದೂ ಕೇಳಿದ್ದಿಲ್ಲ ಅನ್ನಿಸಿತು.

ಮೂರನೆಯ ದಿನ ಒಬ್ಬ ಕುಂಟ ಮರಳಿನಲ್ಲಿ ನಿಧಾನವಾಗಿ ಬರುವುದು ಕಂಡಿತು. ಎರಡು ಹರದಾರಿ ದಾರಿಯನ್ನು ಆ ಕಾಲಿನಲ್ಲಿ, ಹೆಗಲ ಮೇಲೆ ನೀರಿನ ಮಡಕೆ ಹೊತ್ತು ತ್ಸಿರೇಸಿ ನಡೆದಿದ್ದ. ಮಡಕೆಯನ್ನು ಬಾಣಂತಿಯ ಹೊಸಿಲಲ್ಲಿ ಇಳಿಸಿ ಒಳಗೆ ಇಣುಕಿದ. ಎಳೆಕೂಸನ್ನು ಚೆಂದ ಎನ್ನುವಂತಿಲ್ಲ, ಕೆಟ್ಟ ಕಣ್ಣು ಬೀಳುತ್ತದೆ ಎಂಬುದು ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಅವನು ಕೂಸನ್ನು ಬಹಳ ಹೊತ್ತು ನೋಡಿ, “ಇಷ್ಟು ಕೆಟ್ಟ ಮುಖದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ” ಎಂದು ಹೇಳಿ, ಬಂದ ದಾರಿಯಲ್ಲೇ ಹೊರಟ. ಅವನು ಮರೆಯಾಗುವವರೆಗೂ ಸುವಾಜಾರಾ ಹಿಂದಿನಿಂದ ಬೈಯುತ್ತ ನಿಂತಳು. ಬೈಯುತ್ತಲೇ ಅಳುತ್ತಿದ್ದಳು.

ಇಂದಿಗೂ ಬೇಸಗೆ ಮುಗಿಯುವ ಮುನ್ನ ಒಂದು ದಿನ ಕಡಲಿನವರು ಹುಟ್ಟು, ಮೊಗೆ ಹಿಡಿದು ಹೂಳೆತ್ತಲು ಬರುತ್ತಾರೆ. ಒಳನಾಡಿನವರು ಅಂದು ಮನೆಯಿಂದಲೇ ಕುಂಟುತ್ತ ಬಂದು ದಂಡೆಯಲ್ಲಿ ಕೂತು ಬೈಯುತ್ತಾರೆ. ಕಡಲಂಚಿನಲ್ಲಿ ಕೂಸು ಹುಟ್ಟಿದರೆ ಮೊದಲ ಮಡಕೆ ಸಿಹಿನೀರು ಒಳನಾಡಿನಿಂದಲೇ ಹೋಗಬೇಕು. ಹೊತ್ತವರು ಕೂಸನ್ನು ಹೀಗಳೆದೇ ಬರಬೇಕು. ನೋಡಲು ಹೋದವರಿಗೂ ಹುಣಸೆಯ ನೆರಳಲ್ಲಿ ಬುರುಡೆ ತುಂಬ ನೀರು ಸಿಗುತ್ತದೆ. ಕೊಡುವ ಮುದುಕಿ ಮೊದಲ ದಿನ ಬಹಳ ಮರ್ಯಾದೆಯಿಂದ ಕೊಡುತ್ತಾಳೆ, ಕುಡಿದವರು ಅಷ್ಟೇ ಮರ್ಯಾದೆಯಿಂದ ಹಿಂದಿರುಗುತ್ತಾರೆ. ನಾಲ್ಕು ದಿನ ಅಲ್ಲೇ ಉಳಿದು, ನಾಲ್ಕು ಮೊಗೆ ಹೂಳು ಎತ್ತಿದವರಿಗೆ ಮಾತ್ರ ಅವಳು ಬುರುಡೆ ಚಾಚುತ್ತ, ನಿನ್ನಂಥ ಸೋಮಾರಿಗೆ ಯಾರು ಹೆಣ್ಣು ಕೊಟ್ಟರೋ ಎನ್ನುತ್ತಾಳೆ. ಅಂದಿನಿಂದ ಆ ಊರಿನಲ್ಲಿ ಅವರು ಹೊರಗಿನವರಲ್ಲ.